ಗೀಸರ್ ನಾಬ್ ಪೂರ್ತಿ ತಿರುಗಿಸಿಟ್ಟವರಿಗೊಂದು ಬಹಿರಂಗ ಪತ್ರ

ಬಚ್ಚಲುಮನೆಯ ಗೀಸರನ್ನು 75 ಡಿಗ್ರಿಗೆ ಏರಿಸಿಟ್ಟು ನೆಮ್ಮದಿಯಾಗಿರುವ ಸಮಸ್ತ ಗೃಹಸ್ಥರ ಸನ್ನಿಧಾನಕ್ಕೆ,

ಗೀಸರಿನ ನಾಬ್ ಸ್ಕೂಟರಿನ ಆಕ್ಸಿಲರೇಟರ್ ಅಲ್ಲ. ಹೆಚ್ಚು ತಿರುಗಿಸಿದಷ್ಟೂ ನೀರು ಬೇಗ ಕಾಯುತ್ತದೆ ಎಂಬ ನಂಬಿಕೆ ಮನೆದೇವರ ಮೇಲಿನ ಭಕ್ತಿಯಷ್ಟೇ ಗಟ್ಟಿ. ಒಳಗಿನ ಕಾಯಿಲ್ 2,000 ವ್ಯಾಟಿನದಾದರೆ ನಾಬ್ ಎಲ್ಲೇ ಇರಲಿ, ಅದು ಕಾಯಿಸುವ ವೇಗ ಒಂದೇ. ಎಲ್ಲಿ ನಿಲ್ಲಿಸಬೇಕೆಂದು ಹೇಳುವುದಷ್ಟೇ ಥರ್ಮೋಸ್ಟ್ಯಾಟಿನ ಕೆಲಸ. ಹಂಡೆಯ ಕಾಲದಲ್ಲಿ ಈ ಕೆಲಸ ಅಜ್ಜಿಯದಾಗಿತ್ತು: ನೀರು ಕಾದೊಡನೆ ಕೊಳ್ಳಿ ಹಿಂದಕ್ಕೆಳೆದು ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದಳು. ಸೌದೆ ಕಣ್ಣಿಗೆ ಕಾಣುತ್ತಿತ್ತು, ಯೂನಿಟ್ ಕಾಣುವುದಿಲ್ಲ.

ಟ್ಯಾಂಕಿನ 25 ಲೀಟರ್ ನೀರು 25 ಡಿಗ್ರಿಯಿಂದ 60ಕ್ಕೇರಲು ಸುಮಾರು ಒಂದು ಯೂನಿಟ್, ಅರ್ಧ ಗಂಟೆ ಸಾಕು. 75ಕ್ಕಾದರೆ ಹತ್ತಿರ ಹತ್ತಿರ ಒಂದೂವರೆ ಯೂನಿಟ್, ಮುಕ್ಕಾಲು ಗಂಟೆ. ಇಷ್ಟಾದ ಮೇಲೆ ಬಕೆಟ್ಟಿಗೆ ನಾಲ್ಕು ಚೊಂಬು ಬಿಸಿನೀರು ಬಿದ್ದ ತಕ್ಷಣ ಬೆರಳದ್ದುವುದು, ‘ಅಯ್ಯಪ್ಪಾ’ ಎಂದು ಕೈ ಕೊಡವುವುದು, ತಣ್ಣೀರಿನ ನಲ್ಲಿ ಪೂರ್ತಿ ತಿರುಗಿಸುವುದು. ಮೈಗೆ ಹದವಾದದ್ದು 40 ಡಿಗ್ರಿಯ ಆಸುಪಾಸು. 18 ಲೀಟರಿನ ಒಂದು ಬಕೆಟ್ಟನ್ನು ಆ ಹದಕ್ಕೆ ತರಲು ಯೂನಿಟ್ಟಿನ ಮೂರನೇ ಒಂದು ಭಾಗವೂ ಬೇಡ.

ನ್ಯಾಯವಾಗಿ ಹೇಳಬೇಕೆಂದರೆ ಬೆರೆಸುವುದರಿಂದ ನಷ್ಟವಿಲ್ಲ. ನಷ್ಟವಿರುವುದು ಟ್ಯಾಂಕಿನಲ್ಲೇ ಉಳಿಯುವ ಬಿಸಿನೀರಿನಲ್ಲಿ. ಅದು ಹೆಚ್ಚು ಬಿಸಿಯಿದ್ದಷ್ಟೂ ಬೇಗ ಆರುತ್ತದೆ. ಸ್ವಿಚ್ ಹಾಗೇ ಬಿಟ್ಟಿದ್ದರೆ ಕೆಂಪು ದೀಪ ಮತ್ತೆ ಹೊತ್ತಿಕೊಳ್ಳುತ್ತದೆ. ಹೀಗೆ ರಾತ್ರಿಯಿಡೀ ಬಾಣಂತಿಗೆ ಕೊಟ್ಟಂತೆ ಬಚ್ಚಲ ಗೋಡೆಗೆ ಶಾಖ ಕೊಡುವ ಮನೆಗಳಿಗೆ ಕೊರತೆಯಿಲ್ಲ. ಗೀಸರಿನ ಮೇಲಿನ ಸ್ಟಾರ್ ಚೀಟಿ ಅಳೆಯುವುದೂ ಈ ಸೋರಿಕೆಯನ್ನೇ. ಐದು ಸ್ಟಾರಿನದ್ದನ್ನು ಚೌಕಾಸಿ ಮಾಡಿ ತಂದವರೂ ನಾಬಿನ ಕಡೆ ಕಣ್ಣೆತ್ತಿ ನೋಡುವುದಿಲ್ಲ.

ಬೋರ್‌ವೆಲ್ಲಿನ ಗಡಸು ನೀರಾದರೆ ಶಾಖ ಹೆಚ್ಚಿದಷ್ಟೂ ಕಾಯಿಲಿಗೆ ಬಿಳಿ ಸುಣ್ಣ ಬೇಗ ಕಟ್ಟುತ್ತದೆ. ಹಾಗೆಂದು ಉಳಿತಾಯದ ಹುರುಪಿನಲ್ಲಿ ನಾಬನ್ನು 40ಕ್ಕೆ ಇಳಿಸುವುದೂ ತರವಲ್ಲ. ಬೆಚ್ಚಗೆ ನಿಂತ ನೀರು ಬ್ಯಾಕ್ಟೀರಿಯಾಗಳಿಗೆ ತವರುಮನೆ.

ಇನ್ನು ಬಿಲ್ಲಿನ ಮಾತು: 2023ರಲ್ಲಿ ಬಂದ ಕರ್ನಾಟಕದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಗರಿಷ್ಠ ಮಿತಿ ತಿಂಗಳಿಗೆ 200 ಯೂನಿಟ್. ಅದನ್ನು ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆಗ ಮೀಟರ್ ಓದುವವನಿಗೆ ಶಾಪ ಬೀಳುತ್ತದೆ, ನಾಬಿಗೆ ಬೀಳುವುದಿಲ್ಲ. ಆದ್ದರಿಂದ ನಾಬನ್ನು 55–60ರ ನಡುವೆ ತಂದಿಟ್ಟು, ಅರ್ಧ ಗಂಟೆ ಮುಂಚೆ ಸ್ವಿಚ್ ಹಾಕಿ, ಕೊನೆಗೆ ಸ್ನಾನ ಮುಗಿಸಿದವರು ಅದನ್ನು ಆರಿಸಿಯೇ ಹೊರಬರಬೇಕಾಗಿ ವಿನಂತಿ.