ಎರಡು ಬೆರಳಗಲದ ಷರಾ

ಇಪ್ಪತ್ತೇಳು ವರ್ಷ ಕನ್ನಡ ಮೇಷ್ಟರಾಗಿ ಸೀಮೆಸುಣ್ಣ ತೇದ ಮೇಲೆ ಭಾಷೆಗೆ ನನ್ನಿಂದ ಸಂದ ಕೊಡುಗೆ ಅಂತ ಇದ್ದರೆ ಅದು ಒಂದು ಹೊಸ ಬೈಗುಳ. ಬೇಕೆಂದು ಕೊಟ್ಟದ್ದಲ್ಲ. ಒಳ್ಳೆಯದು ಮಾಡಲು ಹೋಗಿ ಆದದ್ದು.

ದಸರಾ ರಜೆ ಮುಗಿದಿತ್ತು. ಹತ್ತನೇ ಕ್ಲಾಸಿನಲ್ಲಿ ಪಾಸಾಗುವುದು ಅನುಮಾನ ಅನ್ನಿಸಿದ ಹದಿನಾಲ್ಕು ಮಕ್ಕಳಿಗೆ ಸಂಜೆ ಪಾಠ ಮಾಡುವುದೆಂದು ತೀರ್ಮಾನವಾಯಿತು. ನೋಟಿಸು ಬರೆಯುವುದು ಎಲ್ಲ ಶಾಲೆಗಳಲ್ಲೂ ಕನ್ನಡ ಮೇಷ್ಟರ ಪಾಲಿನ ಪಂಚಾಮೃತ. ಬೋರ್ಡಿನ ಮುಂದೆ ನಿಂತೆ. ತಲೆಬರಹ ಏನು ಕೊಡೋದು?

'ದಡ್ಡ' ಅನ್ನುವ ಕಾಲ ಹೋಯಿತು. ನಮ್ಮ ಮೇಷ್ಟರು ನಮ್ಮನ್ನು ಶುಂಠ, ಮೊದ್ದು, ಕೋಣ ಅಂತೆಲ್ಲ ಕರೆದು ಸಸ್ಯ, ಪ್ರಾಣಿ ಎರಡೂ ವರ್ಗಕ್ಕೆ ಸೇರಿಸಿಬಿಡುತ್ತಿದ್ದರು. (ಶುಂಠನಿಗೂ ಶುಂಠಿಗೂ ನಂಟಿದೆ ಅಂತ ನಾನು ಏಳನೇ ಕ್ಲಾಸಿನವರೆಗೂ ನಂಬಿದ್ದೆ. ಕಷಾಯ ಕುಡಿಯುವಾಗ ಬೇಜಾರಾಗುತ್ತಿತ್ತು.) 'ಹಿಂದುಳಿದವರು' ಎಂದು ಬರೆದರೆ ಗುಮಾಸ್ತರು ಎರಡು ಎ ನೋ ಮೂರು ಬಿ ನೋ ಅಂತ ಕೇಳುತ್ತಾರೆ. 'ದುರ್ಬಲರು' ಅಂದರೆ ಇನ್ನೊಂದು ಲೋಟ ರಾಗಿಮಾಲ್ಟ್ ಕೊಡಿ ಅಂತಾರೆ. ತರಬೇತಿಗಳಲ್ಲಿ ಹೇಳಿಕೊಡುವುದು 'ನಿಧಾನ ಕಲಿಕೆಯವರು' ಅಂತ. ಆದರೆ ಹದಿನಾಲ್ವರಲ್ಲಿ ಒಬ್ಬ ತಾಲ್ಲೂಕು ಮಟ್ಟದಲ್ಲಿ ನೂರು ಮೀಟರ್ ಓಡಿ ಮೊದಲು ಬಂದವನು. ಅವನನ್ನು ನಿಧಾನ ಅನ್ನಲು ಕೈ ಬರಲಿಲ್ಲ. ಕೊನೆಗೆ ಮುತ್ತಿನಂಥ ಅಕ್ಷರದಲ್ಲಿ 'ವಿಶೇಷ ವಿದ್ಯಾರ್ಥಿಗಳು' ಎಂದು ಬರೆದು, ಕೈ ಒರೆಸಿಕೊಂಡು, ಸುಸಂಸ್ಕೃತನಂತೆ ಮನೆಗೆ ಹೋದೆ.

ಗುರುವಾರ ಖೋಖೋ ಅಂಕಣದಿಂದ ಕೂಗು ಕೇಳಿಸಿತು: "ಲೇ ವಿಶೇಷ, ಕಣ್ಣು ಕಾಣಲ್ವೇನೋ!"

ವಾರ ಕಳೆಯುವುದರೊಳಗೆ ಆರನೇ ಕ್ಲಾಸಿನ ಪಿಳ್ಳೆಗಳೂ ಒಬ್ಬರಿಗೊಬ್ಬರು ವಿಶೇಷರಾದರು. ದಾರಿಯಲ್ಲಿ ಸಿಕ್ಕವರು ರೂಢಿಯಂತೆ "ಏನ್ ಮೇಷ್ಟ್ರೇ ವಿಶೇಷ?" ಅಂದರೆ ಹಿಂದಿನಿಂದ ಕಿಸಕ್ಕನೆ ನಗು. ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳನ್ನು ಅಜ್ಜಿಯರು ಪಕ್ಕಕ್ಕೆ ಕರೆದು ಪಿಸುಗುಟ್ಟಿ ಕೇಳುತ್ತಿದ್ದ ಮಂಗಳಕರ ಪದ ಅದು. ಒಂದು ನೋಟಿಸಿನಲ್ಲಿ ಕೆಡಿಸಿದೆ.

ಇದು ನನ್ನೊಬ್ಬನ ಹಣೆಬರಹವೂ ಅಲ್ಲ. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಎಂಬಾತ, ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸುವುದಕ್ಕೆ ಒಂದು ಪರೀಕ್ಷೆ ಮಾಡಿದ. ಅದು ಅಮೆರಿಕಕ್ಕೆ ಹೋಗಿ, ಅಲ್ಲಿನ ಹೆನ್ರಿ ಗಾಡರ್ಡ್ 1910ರಲ್ಲಿ ಒಂದು ವರ್ಗದವರಿಗೆ ಗ್ರೀಕಿನಿಂದ ಪದ ಹುಡುಕಿ 'ಮೋರಾನ್' ಎಂದು ಹೆಸರಿಟ್ಟ. ಶುದ್ಧ ಶಾಸ್ತ್ರೀಯ ಪದ! ಈಗ ಬೆಂಗಳೂರಿನ ಸಿಗ್ನಲ್ಲಿನಲ್ಲಿ ಕಾರಿನ ಕಿಟಕಿ ಇಳಿಸಿ ಅಂದರೆ ಕೈಕೈ ಮಿಲಾಯಿಸುತ್ತಾರೆ. ಪಂಚತಂತ್ರದಲ್ಲೂ ನೋಡಿ, ರಾಜನ ಮೂವರು ಮಕ್ಕಳನ್ನು ಪರಮ ದುರ್ಮೇಧರು ಎಂದು ಕರೆದೇ ಕಥೆ ಶುರುವಾಗುವುದು. ವಿಷ್ಣುಶರ್ಮ ಮಾತ್ರ ಆ ಪದದ ತಂಟೆಗೆ ಹೋಗದೆ, ಆರು ತಿಂಗಳು ಕೊಡಿ ಅಂದ. ಕಾಗೆ, ಗೂಬೆ, ಮೊಸಳೆ ಕಥೆ ಹೇಳತೊಡಗಿದ. ಆ ಆರು ತಿಂಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ದಿಲ್ಲಿಯ ಸಿಬಿಎಸ್‌ಇಯವರು 2020ರಲ್ಲಿ 'ಫೇಲ್' ತೆಗೆದು 'ಎಸೆನ್ಷಿಯಲ್ ರಿಪೀಟ್' ಎಂದು ತಂದರು. ನನಗೇನೋ ಡಾಕ್ಟರ ಚೀಟಿ ಓದಿದ ಹಾಗೆ ಅನ್ನಿಸಿತು, ಊಟದ ನಂತರ ದಿನಕ್ಕೆರಡು ಸಲ. ಅದಕ್ಕಿಂತ ನಮ್ಮ ಹುಡುಗರ ಭಾಷೆಯೇ ವಾಸಿ. ಗೋತಾ ಹೊಡೆದ, ಲಾಗ ಹಾಕಿದ, ಡುಮ್ಕಿ. ಗಾಳಿಪಟ ಗೋತಾ ಹೊಡೆಯುತ್ತದೆ, ದಾರ ಜಗ್ಗಿದರೆ ಮತ್ತೆ ಏಳುತ್ತದೆ. ಲಾಗ ಹಾಕಿದವನು ಕೊನೆಗೆ ಕಾಲ ಮೇಲೇ ನಿಲ್ಲಬೇಕು. ಇವೆಲ್ಲ ಆ ದಿನ ಅವನು ಮಾಡಿದ್ದೇನು ಅಂತ ಹೇಳುತ್ತವೆಯೇ ಹೊರತು ಅವನು ಯಾರು ಅಂತ ಹೇಳುವುದಿಲ್ಲ. ಆದರೆ ನೋಟಿಸ್ ಬೋರ್ಡಿನಲ್ಲಿ 'ಗೋತಾ ಹೊಡೆಯಲಿರುವವರ ಪಟ್ಟಿ' ಎಂದು ಬರೆಯಲಾದೀತೇ? ಪಿಂಚಣಿಗೆ ಇನ್ನು ಕೆಲವೇ ವರ್ಷ ಇರುವವನು ನಾನು.

ನಮ್ಮದು ತಿಪಟೂರು ಕಡೆ. ನಮ್ಮ ಭಾವ ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. "ಇದರಲ್ಲಿ ಇನ್ನೂ ನೀರಿದೆ. ಇದು ನೀರು ಹೀರಿದೆ, ಚಿಪ್ಪು ಬಿಟ್ಟಿಲ್ಲ. ಇದು ಬಿಟ್ಟಿದೆ, ಕೇಳು." ಒಳಗೆ ಗಡಗಡ ಅಂದರೆ ಉಂಡೆ ಕೊಬ್ಬರಿ ಸಿದ್ಧ. ಅದಕ್ಕೆ ಹತ್ತು-ಹನ್ನೆರಡು ತಿಂಗಳು ಹಿಡಿಯುತ್ತದೆ. ಅಷ್ಟು ದಿನವೂ ಅವನು ನೀರಿರುವ ಕಾಯಿಯನ್ನು 'ನಿಧಾನ ಕಲಿಕೆಯ ಕೊಬ್ಬರಿ' ಅಂದದ್ದನ್ನು ನಾನು ಕೇಳಿಲ್ಲ. ಕಾಯಿಗೆ ಇಷ್ಟೊಂದು ಮಾತಿರುವ ಊರಿನಲ್ಲಿ ಮಕ್ಕಳಿಗೆ ಎರಡೇ: ಜಾಣ, ಅಥವಾ ಇನ್ನೊಂದು.

ಎಲ್ಲಿದ್ದೆ? ಹಾಂ, ಕಾರು. ಕಾರಿನ ವಿಷಯ ಇನ್ನೂ ಹೇಳಿಯೇ ಇಲ್ಲ ಅಲ್ಲವೇ. ಐವತ್ಮೂರನೆಯ ವಯಸ್ಸಿನಲ್ಲಿ ಕಾರು ಕಲಿಯುವ ದುರ್ಬುದ್ಧಿ ನನಗೆ ಬಂತು. ಎಲ್‌ಎಲ್‌ಆರ್ ಮಾಡಿಸಿದೆ. ಹಿಂದೆ ಮುಂದೆ ಕೆಂಪು 'ಎಲ್' ಅಂಟಿಸಿಕೊಂಡು ಸಂತೆ ಬೀದಿಯಲ್ಲಿ ಹೋದೆ. ಮೂರು ವಾರಕ್ಕೆ ಒಂದು ಸೊಪ್ಪಿನ ಗಾಡಿ, ಒಂದು ತುಳಸಿಕಟ್ಟೆಯ ಮೂಲೆ, ಅಷ್ಟೆ. ನನ್ನವಳು ಬಾಗಿಲಲ್ಲಿ ನಿಂತು ಕಲಿಸುವ ಹುಡುಗನನ್ನು ನೇರವಾಗಿ ಕೇಳಿದಳು: "ಇವರಿಗೆ ಬರುತ್ತೋ ಇಲ್ಲವೋ ಹೇಳಿಬಿಡಪ್ಪ, ದುಡ್ಡಾದರೂ ಉಳಿಯುತ್ತೆ." ನಾನು ಒಳಗೆ ಕಾಫಿ ಲೋಟ ಹಿಡಿದು ಉಸಿರು ಬಿಗಿಹಿಡಿದೆ. ಅವನು ಅಂದ: "ಸಾರ್‌ಗೆ ಸ್ಟೀರಿಂಗ್ ಕೂತಿದೆ ಮೇಡಂ. ಗೇರ್ ಪರವಾಗಿಲ್ಲ. ಕ್ಲಚ್ ಬೇಗ ಬಿಡ್ತಾರೆ, ರಿವರ್ಸ್‌ನಲ್ಲಿ ಎಡಗನ್ನಡಿ ನೋಡಲ್ಲ. ಎರಡೇ."

ಎರಡೇ! ನನ್ನ ಇಡೀ ಜನ್ಮದಲ್ಲಿ ನನ್ನ ಬಗ್ಗೆ ಯಾರೂ ಇಷ್ಟು ಸ್ಪಷ್ಟವಾಗಿ ಬರೆದಿರಲಿಲ್ಲ. ನನ್ನ ಪ್ರಗತಿಪತ್ರದಲ್ಲಿ ಗಣಿತದ ಮುಂದೆ ಮೂರು ವರ್ಷವೂ 'ಸುಧಾರಿಸಬೇಕು' ಅಂತಿತ್ತು. ಏನನ್ನು ಅಂತ ಇರಲಿಲ್ಲ. ಅಪ್ಪ ಅದಕ್ಕೆ ಮೂರು ಸಲ ಸಹಿ ಹಾಕಿ ಮೂರು ಸಲ ಬಾರಿಸಿದರು.

ಅವತ್ತು ರಾತ್ರಿ ಹದಿನಾಲ್ಕು ಮಕ್ಕಳ ಪಟ್ಟಿ ತೆಗೆದೆ. ಕ್ರಮಸಂಖ್ಯೆ, ಹೆಸರು, ಅಂಕ, ಷರಾ. ಷರಾದ ಕಲಂ ಎರಡು ಬೆರಳಗಲ. ಅದರಲ್ಲಿ ನಾನೇ, ಗುರುಪರಂಪರೆಗೆ ಚ್ಯುತಿ ಬಾರದ ಹಾಗೆ, ಮೊದಲ ಹೆಸರಿನ ಮುಂದೆ 'ಸುಧಾರಿಸಬೇಕು' ಎಂದು ಬರೆದು ಕೆಳಗೆ ಹದಿಮೂರು ಡಿಟ್ಟೋ ಹಾಕಿದ್ದೆ.

ಬೇರೆ ಹಾಳೆ ತೆಗೆದುಕೊಂಡೆ. 'ಒತ್ತಕ್ಷರ ಬರುತ್ತದೆ, ಅರ್ಕಾವತ್ತು ಎಲ್ಲಿ ಹಾಕಬೇಕೆಂದು ತಿಳಿಯದು.' 'ಪ್ರಶ್ನೆ ಪೂರ್ತಿ ಓದುವ ಮೊದಲೇ ಉತ್ತರ ಶುರು ಮಾಡುತ್ತಾಳೆ.' 'ಸೋಮವಾರ ಸಂತೆಯಲ್ಲಿ ಅಂಗಡಿ. ಆ ದಿನದ ಪಾಠ ಯಾವತ್ತೂ ಇಲ್ಲ.' 'ಬೋರ್ಡು ಕಾಣಿಸುವುದಿಲ್ಲ, ಕಣ್ಣು ತೋರಿಸಬೇಕು.' ಗಣಿತದ ಮೇಡಂ ಫೋನಿನಲ್ಲಿ ಬರೆಸಿದ್ದು: 'ಕಳೆಯುವಾಗ ಪಕ್ಕದ ಮನೆಯಿಂದ ಸಾಲ ತಂದದ್ದು ಮರೆಯುತ್ತಾನೆ.' ಈ ಕೊನೆಯದು ನಮ್ಮ ಸ್ಟಾಫ್ ರೂಮಿನಲ್ಲೂ ಒಬ್ಬರಿಗಿದೆ, ನನ್ನ ಐನೂರು ರೂಪಾಯಿ ಇನ್ನೂ ಬಂದಿಲ್ಲ.

ಹನ್ನೆರಡು ಹೆಸರು ಮುಗಿದವು. ಇನ್ನೆರಡರ ಮುಂದೆ ಏನೂ ಬರೆಯಲು ತೋಚಲಿಲ್ಲ. ಎರಡು ವರ್ಷ ಪಾಠ ಮಾಡಿದ್ದೇನೆ. ಅವರ ಮುಖ ಗೊತ್ತು, ಕೂರುವ ಬೆಂಚು ಗೊತ್ತು, ಯಾವುದು ಬರುವುದಿಲ್ಲ ಅಂತ ಗೊತ್ತಿಲ್ಲ. ಹೆಂಡತಿ ದೀಪ ಆರಿಸಿ ಅಂದಳು. ಆರಿಸಿದೆ, ಆದರೆ ನಿದ್ದೆ ಬರಲು ಬಹಳ ಹೊತ್ತಾಯಿತು.

ಬೋರ್ಡಿನ ಮೇಲಿನ 'ವಿಶೇಷ' ಒರೆಸಿ 'ಸಂಜೆ ನಾಲ್ಕೂವರೆ ತರಗತಿ' ಎಂದು ಬರೆದಿದ್ದೇನೆ. ನಾಲ್ಕೂವರೆಯನ್ನೂ ಬೈಗುಳ ಮಾಡಿಕೊಳ್ಳಲು ಹುಡುಗರಿಗೆ ಒಂದು ವಾರ ಸಾಕು, ಅದು ನನಗೆ ಗೊತ್ತು. ಹೊಸ ಷರಾ ಕಲಮಿನಲ್ಲಿ ಹಿಡಿಸದೆ ಪಟ್ಟಿಗೆ ಬಾಲದ ಹಾಗೆ ಅಂಟಿಸಿದೆ. ಮುಖ್ಯೋಪಾಧ್ಯಾಯರು ಅದನ್ನು ಬಿಡಿಸಿ ಬಿಡಿಸಿ ನೋಡಿ, "ಇದೇನು ಮೇಷ್ಟ್ರೇ, ಜಾತಕಾನಾ?" ಅಂದರು. ಸಹಿ ಇನ್ನೂ ಆಗಿಲ್ಲ.

ಎಲ್‌ಎಲ್‌ಆರ್‌ಗೂ ವಿಷ್ಣುಶರ್ಮನ ಲೆಕ್ಕವೇ, ಆರು ತಿಂಗಳು. ನನ್ನದು ಮುಗಿಯಲು ಇನ್ನು ಹನ್ನೊಂದು ದಿನ ಇದೆ. ಕ್ಲಚ್ ಸರಿಹೋಯಿತು, ಎಡಗನ್ನಡಿ ಬಾಕಿ. ಬೆಳಗ್ಗೆ ಆರೂವರೆಗೆ ನಿಮ್ಮ ಬೀದಿಯಲ್ಲಿ ಕೆಂಪು 'ಎಲ್' ಹಿಂದೆ ಹಿಂದೆ ಬರುವುದು ಕಂಡರೆ, ಎಡಗಡೆ ನಿಲ್ಲಿಸಿರುವ ಸ್ಕೂಟರನ್ನು ದಯವಿಟ್ಟು ಸ್ವಲ್ಪ ಒಳಗೆ ಎಳೆದುಕೊಳ್ಳಿ.