ಪಕ್ಕದ ಸೈಟಿನ ಹೊಸ ಯಜಮಾನರಿಗೆ

ಮಾನ್ಯರೇ,

ಭಾನುವಾರ ಬೆಳಗ್ಗೆ ಆರೂವರೆಗೇ ತಮ್ಮ ಜೆಸಿಬಿ ನಮ್ಮ ಬೀದಿಗೆ ದಯಮಾಡಿಸಿದ್ದಕ್ಕೆ ವಂದನೆಗಳು. ಕಚೇರಿಗಳೆಲ್ಲ ಬೀಗ ಹಾಕಿಕೊಂಡಿರುವ ದಿನವನ್ನೇ ಆರಿಸಿದ ತಮ್ಮ ಪಂಚಾಂಗಜ್ಞಾನಕ್ಕೆ ಇನ್ನೊಂದು ವಂದನೆ.

ಜಯನಗರದ ಈ ಹಳೇ ಮನೆಗಾಗಿ ತಾವು ಏನೆಲ್ಲ ಪರೀಕ್ಷೆ ಮಾಡಿಸಿದಿರೆಂದು ಕಾಂಪೌಂಡಿನ ಈಚೆಯಿಂದ ಕಂಡವನು ನಾನು. ವಾಸ್ತುವಿನವರು ದಿಕ್ಸೂಚಿ ಹಿಡಿದು ಮೂರು ಸುತ್ತು ಬಂದರು. ನೀರು ನೋಡುವವರ ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತಿತು. ಎಂಜಿನಿಯರು ಮಣ್ಣನ್ನು ಪರೀಕ್ಷೆಗೆ ಕಳಿಸಿದರು. ಹಳೇ ಮರದ ವ್ಯಾಪಾರಿ ಬಾಗಿಲ ಚೌಕಟ್ಟನ್ನು ಉಗುರಲ್ಲಿ ಕೆರೆದು, ತೇಗವೋ ಹೊನ್ನೆಯೋ ಎಂದು ಮೂಸಿದ. ವಕೀಲರಂತೂ 30 ವರ್ಷದ ಋಣಭಾರ ಪತ್ರ ತೆಗೆಸಿದರು. ಗ್ಯಾರೇಜಿಗೂ ಮಹಡಿಯ ಬಟ್ಟೆ ಒಗೆಯುವ ಕಲ್ಲಿಗೂ ನೆರಳಾಗಿದ್ದ ಬೂದು ಶೀಟನ್ನು ಮಾತ್ರ ಒಬ್ಬರೂ ಕತ್ತೆತ್ತಿ ನೋಡಲಿಲ್ಲ.

ನಾವು ಅದನ್ನು ಸಿಮೆಂಟ್ ಶೀಟು ಅನ್ನುತ್ತೇವೆ. ಒಳಗಿರುವ ಆಸ್ಬೆಸ್ಟಾಸಿಗೆ ಕನ್ನಡದ ಹೆಸರು ಕಲ್ನಾರು. ಸುಮ್ಮನೆ ಮಲಗಿದ್ದರೆ ಹೆಚ್ಚುಕಡಿಮೆ ಸಾಧು. ಒಡೆದರೆ, ಕೊಯ್ದರೆ, ಕಣ್ಣಿಗೆ ಕಾಣದ ಎಳೆಗಳಾಗಿ ಶ್ವಾಸಕೋಶಕ್ಕಿಳಿದು, ಖಾಲಿ ಮಾಡದ ಬಾಡಿಗೆದಾರನಂತೆ ಕೂತುಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇದರ ಎಲ್ಲ ಬಗೆಗಳೂ ಕ್ಯಾನ್ಸರ್ ತರುತ್ತವೆ ಎಂದಿದೆ. ಆತುರದ ಪ್ರಾಣಿಯಲ್ಲ ಅದು. ಶ್ವಾಸಕೋಶದ ಪೊರೆಗೆ ತಗಲುವ ಕ್ಯಾನ್ಸರ್ ತಲೆದೋರಲು ಸಾಮಾನ್ಯವಾಗಿ 20ರಿಂದ 40 ವರ್ಷ ಹಿಡಿಯುತ್ತದೆ. ತಮ್ಮ ವಕೀಲರು ಋಣಭಾರವನ್ನು ಹಿಂದಕ್ಕೆ ಹುಡುಕಿದರು. ಇದು ಮುಂದಕ್ಕೆ ಬರೆದಿಟ್ಟ ಋಣಭಾರ. ಅದೂ ನೋಂದಣಿ ಶುಲ್ಕವಿಲ್ಲದೆ, ನಮ್ಮ ಹೆಸರಿಗೆ.

ಬ್ರಿಟನ್ನಿನಲ್ಲಿ ಹಳೇ ಕಟ್ಟಡ ಕೆಡವುವ ಮೊದಲು ಕಲ್ನಾರಿನ ಸಮೀಕ್ಷೆ ಆಗಲೇಬೇಕಂತೆ. ದೊಡ್ಡ ವಿದ್ಯೆಯೇನಲ್ಲ: ನೀರು ಚಿಮುಕಿಸಿ ಉಗುರಗಲದ ಚೂರು ತೆಗೆದು, ಚೀಲದಲ್ಲಿ ಬಿಗಿದು ಪ್ರಯೋಗಾಲಯಕ್ಕೆ ಕಳಿಸಿದರೆ ಸೂಕ್ಷ್ಮದರ್ಶಕದಡಿ ಅದರ ಜಾತಕ ಸಿಗುತ್ತದೆ. ತಮ್ಮ ಜಾತಕಕ್ಕೆ ಕೊಟ್ಟ ದಕ್ಷಿಣೆಯಲ್ಲಿ ಇದೂ ಆಗುತ್ತಿತ್ತೇನೋ. ನಮ್ಮವರೇನೂ ಕಮ್ಮಿಯಿಲ್ಲ, ಕಲ್ನಾರಿನ ಕಸ ಹೇಗೆ ವಿಲೇವಾರಿ ಮಾಡಬೇಕೆಂದು ಐಎಸ್ 11768 ಎಂಬ ಮಾನಕವನ್ನು 1986ರಲ್ಲೇ ಬರೆದಿಟ್ಟಿದ್ದಾರೆ. ಅದು ಕಪಾಟಿನಲ್ಲಿ ಕ್ಷೇಮವಾಗಿದೆ, ದೂಳೂ ತಾಗಿಲ್ಲ.

2006ರಲ್ಲಿ ಕ್ಲೆಮಾನ್ಸೋ ಎಂಬ ಫ್ರಾನ್ಸಿನ ಮುದಿ ಯುದ್ಧನೌಕೆ ಹೊಟ್ಟೆಯಲ್ಲಿ ಕಲ್ನಾರು ತುಂಬಿಕೊಂಡು ಗುಜರಾತಿನ ಅಲಂಗಿಗೆ ಒಡೆಸಿಕೊಳ್ಳಲು ಬರುತ್ತಿತ್ತು. ನಮ್ಮ ಸುಪ್ರೀಂ ಕೋರ್ಟು ತಡೆಯಿತು, ಫ್ರಾನ್ಸಿನ ಅಧ್ಯಕ್ಷ ಶಿರಾಕ್ ವಾಪಸು ಕರೆಸಿಕೊಂಡರು. ಪಾಪ, ದಡ್ಡ ಹಡಗು! ಜಯನಗರದ ಗ್ಯಾರೇಜಿನ ಮೇಲೆ ಮಗುಚಿಕೊಂಡಿದ್ದರೆ ಯಾರು ಕೇಳುತ್ತಿದ್ದರು?

ಅದೇ ಕೋರ್ಟು 1995ರಲ್ಲಿ, ಕಲ್ನಾರಿನಲ್ಲಿ ದುಡಿಯುವವರ ಆರೋಗ್ಯ ದಾಖಲೆಯನ್ನು ಕನಿಷ್ಠ 40 ವರ್ಷ ಕಾಪಿಡಬೇಕೆಂದಿತ್ತು. ತಮ್ಮ ಸೈಟಿನ ಯಾದಗಿರಿ ಹುಡುಗರ ದಾಖಲೆ ಮೇಸ್ತ್ರಿಯ ಜೇಬಿನ ಡೈರಿಯಲ್ಲಿದೆ. ಶನಿವಾರ ಬಟವಾಡೆ ಮುಗಿದ ಮೇಲೆ ಆ ಹಾಳೆ ಹರಿದು ಬೀಡಿ ಹಚ್ಚುತ್ತಾನೆ. ಮುಖಕ್ಕೆ ಟವೆಲು ಕಟ್ಟಿ ಶೀಟಿಗೆ ಸುತ್ತಿಗೆ ಬೀಸುತ್ತಿದ್ದವರನ್ನು ತೋರಿಸಿ, ಬೋಲ್ಟು ಬಿಚ್ಚಿ ಇಡಿಯಾಗಿ ಇಳಿಸಬಾರದೇ, ಕೊನೆಗೆ ನೀರಾದರೂ ಹೊಡೆಸಬಾರದೇ ಎಂದೆ. "ನೀರು ಟ್ಯಾಂಕರಿಂದು ಸಾರ್, ದುಡ್ಡು ಕೊಟ್ಟು ತರಿಸಿರೋದು" ಎಂದ. ತೆಂಗಿನಕಾಯಿ ಎದ್ದು ನಿಂತದ್ದು ಸುಳ್ಳಾಯಿತೇ?

ಕಿಟಕಿ ಸರಳಿನ ಹಳೇ ಬಣ್ಣದಲ್ಲಿ ಸೀಸ ಇದ್ದೀತು. ಅದನ್ನು ಮುಂದಿನ ಭಾನುವಾರಕ್ಕೆ ಇಟ್ಟುಕೊಳ್ಳೋಣ.

ಹೂವಿನ ಜತೆ ನಾರೂ ಸ್ವರ್ಗ ಸೇರಿತೆಂದು ಗಾದೆ. ತಾವು ನಾರನ್ನೇ ಮುಂದೆ ಕಳಿಸಿ, ಅದರ ಹಿಂದೆ ಹೋಗುವ ಏರ್ಪಾಡನ್ನು ಇಡೀ ಬೀದಿಗೆ ಮಾಡಿಕೊಟ್ಟಿದ್ದೀರಿ.

ಇಂತು,
ಕಿಟಕಿ ಮುಚ್ಚಿಕೊಂಡ ನೆರೆಮನೆಯವನು

ತಾ.ಕ.: ಒಡೆಯದೆ ಉಳಿದ ಆರು ಶೀಟುಗಳನ್ನು ತಾವು ಕೂಲಿಯವರ ಷೆಡ್ಡಿಗೆ ಉಚಿತವಾಗಿ ಕೊಟ್ಟಿರೆಂದು ಕೇಳಿದೆ. ಉದ್ದ ಹೆಚ್ಚಾಯಿತೆಂದು ಕೊಯ್ಯುತ್ತಿದ್ದಾರೆ. ಗರಗಸದ ಸದ್ದು ಇಲ್ಲಿಗೆ ಕೇಳಿಸುತ್ತಿದೆ.