ಡಿಲೀಟ್ ಏನಂತು, ಕೇಳಿದ್ಯಾ?

ಅಲ್ಲಾ ತಮ್ಮಾ, ಡಿಲೀಟ್ ಬರೆದಾಯ್ತು, ಎರರ್ ಬರಲಿಲ್ಲ, ಆದ್ರೂ ಐಟಂ ಸೆಟ್‌ನಲ್ಲೇ ಕೂತಿದೆ ಅಂತೀಯಲ್ಲ, ಡಿಲೀಟ್ ಏನಂತು ಅಂತ ನೋಡಿದ್ಯಾ? ವಸ್ತು ಸಿಕ್ಕಿ ತೆಗೆದ್ರೆ ಟ್ರೂ ಅನ್ನುತ್ತೆ, ಸಿಗದಿದ್ರೆ ಫಾಲ್ಸ್ ಅನ್ನುತ್ತೆ, ಅಷ್ಟೆ. ಕಿರುಚಾಡಲ್ಲ. ಜಾವಾಸ್ಕ್ರಿಪ್ಟಿಗೆ ಸೆಟ್ ಬಂದ 2015ರಿಂದಲೂ ಇದೇ ಪದ್ಧತಿ. ಆ ಉತ್ತರಾನ ಕಾನ್ಸೋಲ್‌ನಲ್ಲಿ ಒಂದ್ಸಲ ಪ್ರಿಂಟ್ ಮಾಡು, ಅರ್ಧ ತಲೆನೋವು ಅಲ್ಲೇ ಹೋಗುತ್ತೆ.

ನೀನು ಸೆಟ್‌ಗೆ ಹಾಕಿದ್ದು ಆಬ್ಜೆಕ್ಟ್. ತೆಗೆಯುವಾಗ ಐಡಿ 7 ಅಂತ ಇನ್ನೊಂದು ಆಬ್ಜೆಕ್ಟ್ ಹೊಸದಾಗಿ ಬರೆದುಕೊಟ್ಟೆ. ಒಳಗಿರೋದೆಲ್ಲ ಒಂದೇ ಆದ್ರೂ ಆಬ್ಜೆಕ್ಟ್ ಬೇರೆ. ಹೆಸರೂ ಇನಿಷಿಯಲ್ಲೂ ಒಂದೇ ಅಂತ ಎದುರುಮನೆಯವರ ಕಾಗದ ನಿಮ್ಮನೆಗೆ ಹಾಕಿದ್ರೆ ಆಗುತ್ತಾ? ಹಾಕಿದ ಆಬ್ಜೆಕ್ಟನ್ನೇ ವೇರಿಯಬಲ್‌ನಲ್ಲಿ ಇಟ್ಕೊಂಡು ಅದನ್ನೇ ಕೊಡು. ಇಲ್ಲಾಂದ್ರೆ ಸೆಟ್‌ನಲ್ಲಿ ಬರೀ ಐಡಿ ಇಡು.

ಐಡಿ ಇಟ್ಟ ಮೇಲೂ ಒಂದು ಎಚ್ಚರ ಬೇಕು. ಬಟನ್ನಿನ ಡೇಟಾ ಆಟ್ರಿಬ್ಯೂಟ್‌ನಿಂದ ಬರೋ 7 ಸ್ಟ್ರಿಂಗು, ಸೆಟ್‌ನಲ್ಲಿರೋ 7 ನಂಬರು. ಹಾಗೇ ಕೊಟ್ರೆ ಮತ್ತೆ ಫಾಲ್ಸೇ. ಮೊದಲು ನಂಬರ್ ಮಾಡ್ಕೊಂಡು ಆಮೇಲೆ ಕೊಡು.

ಲೂಪ್ ಓಡ್ತಿರುವಾಗಲೇ ತೆಗೀಬಹುದಾ ಅಂತ ಕೇಳಿದ್ಯಲ್ಲ, ಸೆಟ್‌ನಲ್ಲಿ ಧಾರಾಳವಾಗಿ ತೆಗಿ. ಅರೇಯಲ್ಲಿ 2, 4, 5 ಇದೆ, ಸಮಸಂಖ್ಯೆ ತೆಗೀಬೇಕು ಅಂತಿಟ್ಕೋ. ಇಂಡೆಕ್ಸ್ ಹಿಡಿದು 2ನ್ನ ಸ್ಪ್ಲೈಸ್ ಮಾಡಿದ ತಕ್ಷಣ 4 ಅದರ ಜಾಗಕ್ಕೆ ಜರುಗುತ್ತೆ, ಇಂಡೆಕ್ಸ್ ಮುಂದೆ ಹೋಗಿಬಿಡುತ್ತೆ, 4 ತಪ್ಪಿಸ್ಕೊಳ್ಳುತ್ತೆ. ಸೆಟ್ ಮೇಲೆ ಫಾರ್-ಆಫ್ ಓಡಿಸಿದ್ರೆ ಎರಡೂ ಹೋಗಿ 5 ಉಳಿಯುತ್ತೆ. ತೆಗೆದದ್ದನ್ನ ಅದೇ ಲೂಪಿನಲ್ಲಿ ವಾಪಸ್ ಸೇರಿಸೋದು ಮಾತ್ರ ಬೇಡ. ಅದು ಸಾಲಿನ ಕೊನೆಗೆ ಹೋಗಿ ಮತ್ತೆ ಎದುರಾಗುತ್ತೆ, ಲೂಪ್ ಮುಗಿಯೋದೇ ಇಲ್ಲ.

ಪೂರ್ತಿ ಖಾಲಿ ಮಾಡೋಕೆ ಕ್ಲಿಯರ್ ಇದೆ. ಒಂದು ಸೆಟ್‌ನಲ್ಲಿರೋದನ್ನೆಲ್ಲ ಇನ್ನೊಂದರಿಂದ ಕಳೀಬೇಕಾದ್ರೆ 2025ರ ಸ್ಟ್ಯಾಂಡರ್ಡ್‌ಗೆ ಸೇರಿದ ಡಿಫರೆನ್ಸ್ ಇದೆ, ಈಗಿನ ಬ್ರೌಸರ್‌ಗಳಲ್ಲಿ ಓಡುತ್ತೆ. ಆದ್ರೆ ಅದು ಹಳೇ ಸೆಟ್‌ನ ಮುಟ್ಟಲ್ಲ, ಕಳೆದು ಉಳಿದದ್ದನ್ನ ಹೊಸ ಸೆಟ್ ಮಾಡಿ ಕೊಡುತ್ತೆ. ಅದನ್ನ ವೇರಿಯಬಲ್‌ಗೆ ಹಾಕ್ಕೊಳ್ಳದಿದ್ರೆ ಮಾಡಿದ ಕೆಲಸ ದಂಡ. ಡಿಲೀಟೋ ಡಿಫರೆನ್ಸೋ, ಏನು ವಾಪಸ್ ಬರುತ್ತೋ ಅದನ್ನ ಹಿಡ್ಕೊಳ್ಳೋದು ಅಭ್ಯಾಸ ಮಾಡ್ಕೋ ತಮ್ಮಾ.